ಪವನನ ಬೆಲೆ

ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು ಅಡಗುವ ಹೊತ್ತಿಗೆ ಚಹದಂಗಡಿಗಳಲ್ಲಿ ಮಾತಿನ ಸದ್ದು ಏರುತ್ತದೆ. ನೂಲಿನ ದರ, ಕಬ್ಬಿನ ಬಾಕಿ, ಕೃಷ್ಣೆಯ ನೀರು ಇವೆಲ್ಲ ಮುಗಿದ ಮೇಲೆ ಉಳಿಯುವುದು ಕಬಡ್ಡಿ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿಯೂ ಇದೇ ಕ್ರಮ. ಊರ ಜಾತ್ರೆಯ ಅಂಕಣದಲ್ಲಿ ಸ್ವತಃ ತೊಡೆ ತಟ್ಟಿ ಇಳಿದವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಆದುದರಿಂದ ದೂರದರ್ಶನದ ಮುಂದೆ ಕುಳಿತ ಪ್ರತಿಯೊಬ್ಬನೂ ಇಲ್ಲಿ ಪಂಚನೇ. ಈ ಪಂಚರ ಮುಂದೆ ವರ್ಷಗಳಿಂದ ಇತ್ಯರ್ಥವಾಗದ ವ್ಯಾಜ್ಯವೊಂದು ಉಳಿದಿದೆ. ಬೆಂಗಳೂರು ಬುಲ್ಸ್ ತಂಡವು 2022ರಲ್ಲಿ ಪವನ್ ಸೆಹ್ರಾವತನನ್ನು ಹರಾಜಿಗೆ ಬಿಟ್ಟುಕೊಟ್ಟದ್ದು ಸರಿಯೋ, ತಪ್ಪೋ?

ಪವನ್ ದೆಹಲಿಯ ಕಡೆಯವನು. ಆದರೂ ಇಲ್ಲಿಯವರು ಅವನನ್ನು ಮನೆಯ ಮಗನಂತೆ ಏಕವಚನದಲ್ಲಿಯೇ ಕರೆಯುತ್ತಾರೆ.

"ಅಂವನ್ನ ಬಿಟ್ಟದ್ದ ತಪ್ಪು ನೋಡ್ರಿ, ಮಾಸ್ತರ್ರ" ಎಂದು ಮಾತು ತೆಗೆಯುವ ನೇಕಾರನಿಗೆ ಸಾಕ್ಷ್ಯದ ಕೊರತೆಯಿಲ್ಲ. 2017ರಲ್ಲಿ ಗುಜರಾತ್ ತಂಡದಲ್ಲಿ ಬಹುಪಾಲು ಹೊರಗೆ ಕುಳಿತೇ ಕಾಲ ಕಳೆದವನು ಮರುವರ್ಷ 52.8 ಲಕ್ಷ ರೂಪಾಯಿಗೆ ಬುಲ್ಸ್ ತಂಡ ಸೇರಿದ. 2019ರ ಜನವರಿ 5ರಂದು ಮುಂಬಯಿಯ ಅಂತಿಮ ಪಂದ್ಯದಲ್ಲಿ ಎದುರಿಗೆ ನಿಂತದ್ದೂ ಅದೇ ಗುಜರಾತ್. ವಿರಾಮದ ವೇಳೆಗೆ ಬುಲ್ಸ್ ಹಿಂದೆ ಬಿದ್ದಿತ್ತು. ಕೊನೆಗೆ 38-33ರಿಂದ ಗೆದ್ದಾಗ ಅದರಲ್ಲಿ 22 ಅಂಕಗಳು ಪವನನೊಬ್ಬನವೇ! ಬೆಂಗಳೂರಿಗೆ ಪ್ರೊ ಕಬಡ್ಡಿಯ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಅದೇ ವರ್ಷದ ಅಕ್ಟೋಬರಿನಲ್ಲಿ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ದಾಳಿ ಅಂಕಗಳು. ಆ ಋತುವಿಗೆಲ್ಲ ಸೇರಿ 346. ಇಂಥವನನ್ನು ಯಾವ ಗೃಹಸ್ಥನಾದರೂ ಸಂತೆಗೆ ಕಳುಹಿಸುವನೆ?

ಮಾಸ್ತರರು ಮುಧೋಳದವರು, ಕನ್ನಡಕವನ್ನು ಒರೆಸದೆ ಉತ್ತರ ಕೊಡುವವರಲ್ಲ. ಅವರ ವಾದ ಬೇರೆ. ಕಬಡ್ಡಿಯಲ್ಲಿ ದಾಳಿಗಾರನು ಗಳಿಸುವ ಒಂದು ಅಂಕಕ್ಕೆ ಹೊರಗೆ ಕುಳಿತ ತನ್ನವನೊಬ್ಬನಿಗೆ ಜೀವ ಬರುತ್ತದೆ, ನಿಜ. ಆದರೆ ಅವನೇ ಸಿಕ್ಕಿಬಿದ್ದರೆ? ಅವನನ್ನು ಮರಳಿ ಬದುಕಿಸಲು ಉಳಿದ ಆರು ಮಂದಿ ಎದುರಾಳಿಯನ್ನು ಹಿಡಿಯಬೇಕು, ಇಲ್ಲವೆ ಅವರಲ್ಲೊಬ್ಬನು ದಾಳಿಯಲ್ಲಿ ಅಂಕ ತರಬೇಕು. ಎಲ್ಲದಕ್ಕೂ ಒಬ್ಬನನ್ನೇ ನೆಚ್ಚಿ ಅಭ್ಯಾಸವಾದ ತಂಡಕ್ಕೆ ಆ ಗಳಿಗೆಯಲ್ಲಿ ಕೈಕಾಲು ಆಡುವುದಿಲ್ಲ. 346 ಅಂಕಗಳ ವರ್ಷದಲ್ಲಿ ಬುಲ್ಸ್ ಉಪಾಂತ್ಯದಲ್ಲಿಯೇ ದೆಹಲಿಗೆ ಸೋತಿತು. ಮುಂದಿನ ಋತುವಿನಲ್ಲಿ ಪವನನ ದಾಳಿ ಅಂಕಗಳು 304. ಸೋಲು ಮತ್ತೆ ಉಪಾಂತ್ಯದಲ್ಲಿ, ಮತ್ತೆ ದೆಹಲಿಗೇ. ಪ್ರಶಸ್ತಿ ಬಂದ ವರ್ಷವಾದರೂ ರೋಹಿತ್ ಕುಮಾರನ ನಾಯಕತ್ವವಿತ್ತು, ಮಹೇಂದರ್ ಸಿಂಗನ ಹಿಡಿತವಿತ್ತು, ನೆರೆಯ ಸಾಂಗ್ಲಿ ಜಿಲ್ಲೆಯ ಕಾಶಿಲಿಂಗ ಅಡಕೆ ಇದ್ದ. ಅವರ ಹೆಸರು ಈಗ ಯಾರ ಬಾಯಲ್ಲಿದೆ ಎಂದು ಮಾಸ್ತರರು ಕೇಳುತ್ತಾರೆ.

ಆಮೇಲಿನ ಲೆಕ್ಕವಂತೂ ಮಾಸ್ತರರ ಕಡೆಗೇ ವಾಲುತ್ತದೆ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನನಿಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಅವನಿಲ್ಲದ ಬುಲ್ಸ್ ಮೂರನೆಯ ಸ್ಥಾನ ಪಡೆದು ಉಪಾಂತ್ಯ ತಲುಪಿತು. ಭರತ್ ಎಂಬ ತರುಣ 279 ದಾಳಿ ಅಂಕಗಳನ್ನು ತಂದ. ಮುಂದಿನ ವರ್ಷ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಪವನನನ್ನು ಕೊಂಡಿತು. ಲೀಗಿನಲ್ಲಿ ಅಷ್ಟು ಬೆಲೆ ಅದುವರೆಗೆ ಯಾರಿಗೂ ಬಂದಿರಲಿಲ್ಲ. ಅವನು 200 ದಾಳಿ ಅಂಕಗಳನ್ನು ದಾಟಿದ. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಕಟ್ಟಕಡೆಯಲ್ಲಿ ನಿಂತಿತು. ಅದೇ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕನೂ ಅವನೇ ಎಂದು ನೇಕಾರನು ನೆನಪಿಸದೆ ಬಿಡುವುದಿಲ್ಲ. ಜೊತೆಯವರು ಗಟ್ಟಿಯಾಗಿದ್ದರೆ ಪವನ್ ಏನು ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಾಗೆ ನೋಡಿದರೆ ಇದು ಮಾಸ್ತರರ ವಾದವೇ. ನೇಕಾರನಿಗೆ ಅದು ಹೊಳೆಯುವುದಿಲ್ಲ, ಹೊಳೆದರೂ ಒಪ್ಪುವವನಲ್ಲ.

ಇಷ್ಟೂ ಹೊತ್ತು ಮೂಲೆಯಲ್ಲಿ ಕುಳಿತಿರುವ ಹಿರಿಯನೊಬ್ಬನಿದ್ದಾನೆ. ಬೀಳಗಿಯ ಕಡೆಯವನು, ಯೌವನದಲ್ಲಿ ಒಳ್ಳೆಯ ದಾಳಿಗಾರ. ಎದ್ದು ನಿಲ್ಲಬೇಕಾದರೆ ಈಗ ಮೇಜಿನ ಅಂಚು ಬೇಕು. ಎಲ್ಲರೂ ಅಂಕ ಹೇಳುವಾಗ ಅವನು ಹೇಳುವುದು ಒಂದೇ ದಿನದ ಮಾತು: 2022ರ ಅಕ್ಟೋಬರ್ 8. ತಲೈವಾಸ್ ಪರವಾಗಿ ಪವನನ ಮೊದಲ ಪಂದ್ಯ. ನಡೆದದ್ದು ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ, ಎದುರಾಳಿ ಪುನಃ ಗುಜರಾತ್. ಪಂದ್ಯ ಆರಂಭವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಎದುರು ತಂಡದ ದಾಳಿಗಾರನನ್ನು ಹಿಡಿಯಲು ಹೋಗಿ ಪವನನ ಮೊಣಕಾಲು ತಿರುಚಿತು. ಅವನನ್ನು ಹೊತ್ತೊಯ್ದರು; ಆ ಋತುವಿಗೆ ಅವನ ಆಟ ಅಲ್ಲಿಗೆ ಮುಗಿಯಿತು. ಅವನಿಲ್ಲದ ತಲೈವಾಸ್ ಅದೇ ಋತುವಿನಲ್ಲಿ ಮೊದಲ ಬಾರಿಗೆ ಉಪಾಂತ್ಯಕ್ಕೆ ಹೋಯಿತು.

"ಲೆಕ್ಕಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ" ಎನ್ನುತ್ತಾನೆ ಹಿರಿಯ. "ಆದರ ಅಂವಾ ಬಿದ್ದಾಗ ನಮ್ಮ ಮಂದಿ ಯಾವ ತಂಡದಾಂವ ಅಂತ ಕೇಳಲಿಲ್ಲ."

ಮಾಸ್ತರರು ಸುಮ್ಮನಾಗುತ್ತಾರೆ. ಮುಧೋಳ ರನ್ನನ ಊರು. ಗದಾಯುದ್ಧಕ್ಕೆ ಸಾಹಸಭೀಮ ವಿಜಯವೆಂದು ಕವಿಯೇ ಹೆಸರಿಟ್ಟಿದ್ದರೂ ತೊಡೆ ಮುರಿದು ಬಿದ್ದ ದುರ್ಯೋಧನನಿಗಾಗಿ ಮರುಗುವ ಓದುಗರು ಇಂದಿಗೂ ಇದ್ದಾರೆ. ತರಗತಿಯಲ್ಲಿ ಅದನ್ನು ವರ್ಷವರ್ಷವೂ ಪಾಠ ಮಾಡಿದವರು ಅವರೇ.

2025ರ ಹರಾಜಿನಲ್ಲಿ ಪವನ್ ಪುನಃ ತಲೈವಾಸ್ ತಂಡದ ಪಾಲಾದ, 59.5 ಲಕ್ಷ ರೂಪಾಯಿಗೆ. ಎರಡು ವರ್ಷ ಹಿಂದಿನ ಬೆಲೆಯ ಕಾಲುಭಾಗಕ್ಕಿಂತಲೂ ಕಡಿಮೆ. ಬುಲ್ಸ್ 2018ರಲ್ಲಿ ತೆತ್ತದ್ದಕ್ಕಿಂತ ಕೊಂಚ ಮಾತ್ರ ಹೆಚ್ಚು. ನೇಕಾರನ ಸಂಕಟ ಇದೇ. ಅದರ ಹಿಂದಿನ ಋತುವಿನಲ್ಲಿ ಬುಲ್ಸ್ ತಾನೇ ಕಟ್ಟಕಡೆಯ ಸ್ಥಾನಕ್ಕೆ ಇಳಿದಿತ್ತು. ಈ ಬೆಲೆಗೆ ಮನೆಗೆ ಕರೆತರಬಹುದಿತ್ತಲ್ಲ ಎಂದು ಅವನು ಕೇಳುತ್ತಾನೆ. ಬೆಲೆ ಇಳಿದದ್ದೇಕೆ, ಅದನ್ನು ಮೊದಲು ಹೇಳು ಎಂದು ಮಾಸ್ತರರು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರೂ ಮೂಲೆಯ ಕಡೆಗೆ ತಿರುಗಿ ನೋಡುವಷ್ಟರಲ್ಲಿ ಹಿರಿಯನು ಮೇಜಿನ ಅಂಚು ಹಿಡಿದು ಎದ್ದಿರುತ್ತಾನೆ. ಬೀಳಗಿಯ ಕಡೆಯ ಕೊನೆಯ ಬಸ್ಸಿಗೆ ಹೊತ್ತಾಗಿದೆ.