ಸರಳರೇಖೆಯ ಚಲನೆಯೂ ಶಾಲೆಯ ಪ್ರಯೋಗಾಲಯವೂ

ಕುಂದಾಪುರದಿಂದ ಘಟ್ಟದ ಕಡೆಗೆ ಹೋದರೆ ಹೊಸಂಗಡಿಯಲ್ಲಿ, ಬಂಡೆಯನ್ನು ಕೊರೆದು ಕಟ್ಟಿದ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ಮಾಣಿಯ ಜಲಾಶಯದಿಂದ ಧುಮುಕುವ ನೀರು ಅಲ್ಲಿ ಪೆಲ್ಟನ್ ಚಕ್ರಗಳನ್ನು ತಿರುಗಿಸುತ್ತದೆ. ತಲಾ 115 ಮೆಗಾವಾಟಿನ ನಾಲ್ಕು ಯಂತ್ರಗಳು; ಮೊದಲೆರಡು 1989-90ರ ಸುಮಾರಿಗೂ ಉಳಿದೆರಡು 2009ರಲ್ಲಿಯೂ ಕೆಲಸಕ್ಕೆ ತೊಡಗಿದವು. ಇಂತಹ ಯಂತ್ರವೆಂದೊಡನೆ ಮನಸ್ಸು ಚಕ್ರದ ತಿರುಗುವಿಕೆಯತ್ತಲೇ ಓಡುತ್ತದೆ. ಆದರೆ ಪೆಲ್ಟನ್ ಯಂತ್ರದ ಲಗಾಮು ಇರುವುದು ನೀರು ಚಿಮ್ಮುವ ಮೂತಿಯೊಳಗೆ ಹಿಂದಕ್ಕೂ ಮುಂದಕ್ಕೂ ಸರಿಯುವ ಮೊನಚಾದ ಉಕ್ಕಿನ ಸೂಜಿಯಲ್ಲಿ. ಸೂಜಿ ಮುಂದೆ ಸರಿದರೆ ಧಾರೆ ಕಿರಿದಾಗುತ್ತದೆ, ಹಿಂದೆ ಸರಿದರೆ ಹಿರಿದಾಗುತ್ತದೆ, ಒಮ್ಮೆಲೇ ಮುಚ್ಚಿಬಿಟ್ಟರೆ ಕೊಳವೆಯಲ್ಲಿ ಒತ್ತಡವು ಅಪಾಯದ ಮಟ್ಟಕ್ಕೇರುತ್ತದೆ. ಸೂಜಿ ಈ ಕ್ಷಣ ಎಲ್ಲಿದೆ ಎಂಬುದು ವೇಗನಿಯಂತ್ರಕಕ್ಕೆ ತಿಳಿದಿರಲೇಬೇಕು. ಹಿಂದಿನ ಯಂತ್ರಗಳಲ್ಲಿ ಈ ಸುದ್ದಿಯನ್ನು ಸನ್ನೆಕೋಲುಗಳೂ ಸರಳುಗಳೂ ಹೊತ್ತು ತರುತ್ತಿದ್ದವು. ಈಚಿನವುಗಳಲ್ಲಿ ಆ ಕಾಯಕವು ವಿದ್ಯುತ್ತು ಮತ್ತು ಕಾಂತಗಳನ್ನು ನಂಬಿದ ಸಂವೇದಕಗಳ ಪಾಲಿಗೆ ಬಂದಿದೆ.

ಅದೇ ವಾರಾಹಿ ಹಾಲಾಡಿ, ಬಸ್ರೂರುಗಳನ್ನು ಹಾದು ಗಂಗೊಳ್ಳಿಯ ಅಳಿವೆಯನ್ನು ಸೇರುತ್ತದೆ. ಕೆಳದಿಯ ವೀರಶೈವ ಅರಸರ ಕಾಲದಲ್ಲಿ ಬಸ್ರೂರಿನಿಂದ ಅಕ್ಕಿ ಹೊರದೇಶಗಳಿಗೆ ಹೋಗುತ್ತಿದ್ದುದು ಇತಿಹಾಸಪ್ರಸಿದ್ಧ. ಅಳಿವೆಯನ್ನು ದಾಟುವ ನಾವಿಕನಿಗೆ ನೀರಿನ ಏರಿಳಿತದ ಅಳತೆ ಬದುಕಿನ ಪ್ರಶ್ನೆಯಾಗಿತ್ತು; ಅವನು ಹಗ್ಗವನ್ನಿಳಿಸಿ ಆಳವನ್ನು ಮಾರುಗಳಲ್ಲಿ ಎಣಿಸಿದನು. ಇಂದು ಆ ಪ್ರಶ್ನೆ ರೈತನದಾಗಿದೆ. ಈ ಕರಾವಳಿಯಲ್ಲಿ ಭರತವು ದಿನಕ್ಕೆ ಎರಡು ಬಾರಿ ಸುಮಾರು ಒಂದರಿಂದ ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೊಳೆಹೊಳೆಗೂ ಕಟ್ಟಿರುವ ಕಿಂಡಿ ಅಣೆಕಟ್ಟುಗಳಿಗೆ ಮಳೆಗಾಲ ಕಳೆದ ಮೇಲೆ ಹಲಗೆ ಹಾಕುತ್ತಾರೆ. ಅಳಿವೆಗೆ ಸಮೀಪದ ಕಟ್ಟದಲ್ಲಿ ಭರತದ ನೀರು ಹಲಗೆಯನ್ನು ನಾಲ್ಕು ಬೆರಳು ಮೀರಿದರೂ ಸಾಕು, ಮೇಲಿನ ಗದ್ದೆಗೆ ಉಪ್ಪು ಏರುತ್ತದೆ, ಬಾವಿಯ ನೀರು ಬಾಯಿಗಿಡಲಾಗದಂತಾಗುತ್ತದೆ.

ನೀರಿನ ಮಟ್ಟದ ಏರಿಳಿತವೂ ಸೂಜಿಯ ಸರಿದಾಟವೂ ತತ್ತ್ವದಲ್ಲಿ ಒಂದೇ; ಎರಡೂ ಸರಳರೇಖೆಯಲ್ಲಿ ನಡೆಯುವ ಸ್ಥಾನಪಲ್ಲಟ. ಇದನ್ನು ಅಳೆಯುವ ಯಾಂತ್ರಿಕ ಸಾಧನಗಳ ಸೊಗಸೆಂದರೆ ಅವು ತಮ್ಮ ಗುಟ್ಟನ್ನು ಬಚ್ಚಿಡುವುದಿಲ್ಲ. 1631ರಲ್ಲಿ ಪಿಯರ್ ವರ್ನಿಯರ್ ವಿವರಿಸಿದ ಉಪಮಾನಕವನ್ನು ಬರಿಗಣ್ಣಿನಿಂದ ಓದಬಹುದು. ಡಯಲ್ ಗೇಜಿನಲ್ಲಿ ಹಲ್ಲುಗಳುಳ್ಳ ಸರಳೊಂದು ಹಲ್ಲುಚಕ್ರಗಳನ್ನು ತಿರುಗಿಸಿ, ಒಂದು ಮಿಲಿಮೀಟರ್ ಚಲನೆಯನ್ನು ಮುಳ್ಳಿನ ಒಂದು ಪೂರ್ಣ ಸುತ್ತಾಗಿ ಹಿಗ್ಗಿಸುತ್ತದೆ. ಮುಖದ ಮೇಲಿನ ನೂರು ಗೀಟುಗಳಲ್ಲಿ ಒಂದೊಂದೂ ಮಿಲಿಮೀಟರಿನ ನೂರರಲ್ಲೊಂದು ಭಾಗ. ಹಲ್ಲು ಸವೆದರೆ, ಕಡಲ ಗಾಳಿಗೆ ತುಕ್ಕು ಹಿಡಿದರೆ, ಮುಳ್ಳು ತಡವರಿಸುತ್ತದೆ. ನೋಡುವವನಿಗೆ ಅದು ಕಾಣುತ್ತದೆ.

ಕಾಂತೀಯ ಸಂವೇದಕದಲ್ಲಿ ಸವೆಯುವುದಕ್ಕೆ ಸ್ಪರ್ಶವೇ ಇಲ್ಲ. 1940ರ ದಶಕದಲ್ಲಿ ಹರ್ಮನ್ ಶೇವಿಟ್ಜ್ ಬಳಕೆಗೆ ತಂದ ಭೇದಾತ್ಮಕ ಟ್ರಾನ್ಸ್‌ಫಾರ್ಮರಿನಲ್ಲಿ, ಪರ್ಯಾಯ ವಿದ್ಯುತ್ತು ಹರಿಯುವ ಒಂದು ಸುರುಳಿಯ ಅಕ್ಕಪಕ್ಕ ಎರಡು ಸುರುಳಿಗಳಿವೆ. ನಡುವಿನ ಕಬ್ಬಿಣದ ತಿರುಳು ಮಧ್ಯದಲ್ಲಿದ್ದಾಗ ಎರಡರ ವೋಲ್ಟೇಜೂ ಸಮವಾಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ತಿರುಳು ಕೂದಲೆಳೆಯಷ್ಟು ಸರಿದರೂ ಒಂದು ಕಡೆಯದು ಮೇಲುಗೈಯಾಗುತ್ತದೆ. ಇನ್ನೊಂದು ಬಗೆ ಪೆಟ್ರೋಲ್ ಬಂಕುಗಳ ನೆಲದೊಳಗಿನ ತೊಟ್ಟಿಗಳಲ್ಲಿದೆ. ಬೆಂಡಿನ ಮೇಲೆ ಕಾಂತ, ಅದರ ನಡುವೆ ಹಾದುಹೋಗುವ ಲೋಹದ ತಂತಿ. ತಂತಿಯಲ್ಲಿ ಕ್ಷಣಮಾತ್ರ ವಿದ್ಯುತ್ತು ಹರಿಸಿದಾಗ ಕಾಂತವಿರುವೆಡೆಯಲ್ಲಿ ಸಣ್ಣದೊಂದು ತಿರುಚಲೆ ಎದ್ದು, ಸೆಕೆಂಡಿಗೆ ಸುಮಾರು 2,800 ಮೀಟರ್ ವೇಗದಲ್ಲಿ ಮೇಲೇರುತ್ತದೆ. ಅದು ತಲುಪಿದ ಕಾಲದಿಂದ ಬೆಂಡಿನ ಸ್ಥಾನ ತಿಳಿಯುತ್ತದೆ. ಕಾಂತೀಕರಣದಿಂದ ಕಬ್ಬಿಣದ ಉದ್ದ ಬದಲಾಗುವುದನ್ನು 1842ರಲ್ಲಿ ಜೂಲ್ ಕಂಡುಹಿಡಿದುದೇ ಇದಕ್ಕೆ ಮೂಲ. ಹೀಗಿದ್ದರೂ ಬಂಕಿನವರು ಅಳತೆಕೋಲನ್ನು ಎಸೆದಿಲ್ಲ ಎಂಬುದು ಗಮನಾರ್ಹ.

ಎಸೆಯದಿರುವುದಕ್ಕೆ ಕಾರಣವುಂಟು. ಕಾಂತೀಯ ಸಂವೇದಕವೂ ಮೋಸಹೋಗುತ್ತದೆ. ಬಳಿಯಲ್ಲಿ ಬೇರೊಂದು ಕಾಂತವೋ ಕಬ್ಬಿಣದ ತುಂಡೋ ಇದ್ದರೆ, ಬಿಸಿಲು ಏರಿದರೆ, ಅದರ ಲೆಕ್ಕ ತಪ್ಪಬಹುದು. ಆದರೆ ಅದು ಮುಳ್ಳಿನಂತೆ ತಡವರಿಸುವುದಿಲ್ಲ. ತಪ್ಪು ಸಂಖ್ಯೆಯೂ ಸರಿಯಾದ ಸಂಖ್ಯೆಯಷ್ಟೇ ಸ್ಪಷ್ಟವಾಗಿ ಪರದೆಯ ಮೇಲೆ ಹೊಳೆಯುತ್ತದೆ. ಆದುದರಿಂದಲೇ ಯಾಂತ್ರಿಕ ಅಳತೆಯನ್ನು ಹಳತೆಂದು ಪಕ್ಕಕ್ಕೆ ತಳ್ಳಿ, ವಿದ್ಯಾರ್ಥಿಯ ಕೈಗೆ ನೇರವಾಗಿ ಅಂಕಿ ತೋರಿಸುವ ಪೆಟ್ಟಿಗೆಯನ್ನು ಕೊಡುವುದು ವಿವೇಕವಲ್ಲ. ಕಣ್ಣಿಗೆ ಕಾಣುವ ತಪ್ಪನ್ನು ಮೊದಲು ಹಿಡಿಯಬಲ್ಲವನು ಮಾತ್ರ ಕಾಣದ ತಪ್ಪನ್ನು ಶಂಕಿಸಬಲ್ಲನು.

ಅನೇಕ ಶಾಲೆಗಳ ಸ್ಥಿತಿಯಾದರೋ ಎರಡಕ್ಕೂ ದೂರ. ಶೂನ್ಯದೋಷದ ಸೂತ್ರವನ್ನು ಬಾಯಿಪಾಠ ಮಾಡಿದ ಬಾಲಕನು ಶೂನ್ಯದೋಷವುಳ್ಳ ಒಂದು ಕ್ಯಾಲಿಪರನ್ನು ಕೈಯಾರೆ ಮುಟ್ಟಿರುವುದಿಲ್ಲ. ಇದ್ದ ಒಂದೆರಡು ಗಾಜಿನ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ತುಕ್ಕು ಹಿಡಿದಿರುತ್ತವೆ. ಮುರಿದರೆ ಲೆಕ್ಕ ಕೊಡಬೇಕೆಂಬ ಅಧ್ಯಾಪಕರ ಅಂಜಿಕೆ ನಿರಾಧಾರವೇನಲ್ಲ. ಪರೀಕ್ಷೆಯ ಅಂಕಗಳಿಗೆ ಇದರಿಂದ ಏನೂ ಸೇರದೆಂಬ ಮಾತೂ ಬಹುಮಟ್ಟಿಗೆ ನಿಜವೇ. ಅಂಜಿಕೆಗಾದರೂ ಔಷಧವುಂಟು, ಅದು ದಾನಿಗಳ ಕೈಯಲ್ಲಿದೆ.

ಸಭಾಭವನಕ್ಕೂ ಮಹಾದ್ವಾರಕ್ಕೂ ದಾನ ಸುಲಭವಾಗಿ ಒದಗುತ್ತದೆ, ಅಲ್ಲಿ ಹೆಸರಿನ ಕಲ್ಲು ನಿಲ್ಲುತ್ತದೆ. ಮುರಿದ ಉಪಕರಣವನ್ನು ವರ್ಷವರ್ಷವೂ ದುರಸ್ತಿ ಮಾಡಿಸುವ, ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ನಿಧಿಗೆ ಕಲ್ಲು ನಿಲ್ಲಿಸಲು ಸ್ಥಳವೆಲ್ಲಿ? ಮಠದ ದಾಸೋಹವು ಅನ್ನದ ಪಂಕ್ತಿಯಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿ ಹಾಗಿಲ್ಲ. ಅಲ್ಲಿ ಬಡಿಸಿದುದು ಆ ದಿನವೇ ಖರ್ಚಾಗುತ್ತದೆ, ಮರುದಿನ ಮತ್ತೆ ಒಲೆ ಹೊತ್ತಬೇಕಾಗುತ್ತದೆ. ಪ್ರಯೋಗಾಲಯವೂ ಖರ್ಚಾಗುವ ವಸ್ತುವೆಂದು ಒಪ್ಪಿಕೊಂಡು ಕೊಡುವ ದಾನಿಗಳು ಬೇಕಾಗಿದ್ದಾರೆ.

ಆರಂಭಕ್ಕೆ ದೊಡ್ಡ ಮೊತ್ತವೂ ಬೇಡ. ಶಾಲೆಯ ಬಾವಿಯೇ ಸಾಕು. ಮುರಕಲ್ಲಿನ ನೆಲದಲ್ಲಿ ಮಳೆಗಾಲದ ಬಾವಿ ನೋಡನೋಡುತ್ತಿದ್ದಂತೆ ಏರುತ್ತದೆ. ಒಂದು ಬೆಂಡು, ರಾಟೆಯ ಮೇಲೆ ಹಾದ ದಾರ, ದಾರದ ತುದಿಯಲ್ಲಿ ತೂಕ, ಹಿಂದೆ ಗೀಟು ಹಾಕಿದ ಹಲಗೆ. ಇದು ಯಾಂತ್ರಿಕ ಮಾಪಕ. ಪಕ್ಕದಲ್ಲಿ ಪ್ಲಾಸ್ಟಿಕ್ ಕೊಳವೆಯೊಂದರೊಳಗೆ ಕಾಂತ ಕಟ್ಟಿದ ಬೆಂಡು, ಕೊಳವೆಯ ಹೊರಮೈಗೆ ಐದು ಸೆಂಟಿಮೀಟರಿಗೊಂದರಂತೆ, ಕಾಂತ ಸಮೀಪಿಸಿದಾಗ ಕೂಡಿಕೊಳ್ಳುವ ರೀಡ್ ಸ್ವಿಚ್ಚುಗಳು. ಇದು ಕಾಂತೀಯ ಮಾಪಕ. ಎಂಟನೆಯ ತರಗತಿಯ ಮಕ್ಕಳು ದಿನವೂ ಎರಡನ್ನೂ ಓದಿ ಬರೆದಿಡಲಿ. ಒಂದು ದಿನ ದಾರ ನೆನೆದು ಉದ್ದ ಬದಲಾಗುತ್ತದೆ, ಇನ್ನೊಂದು ದಿನ ಸ್ವಿಚ್ಚೊಂದು ಸತ್ತು ಕಾಂತೀಯ ಮಾಪಕವು ಐದು ಸೆಂಟಿಮೀಟರನ್ನು ನುಂಗಿಬಿಡುತ್ತದೆ. ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದ ಆ ದಿನ ಯಾವುದನ್ನು ನಂಬಬೇಕೆಂದು ತರಗತಿಯಲ್ಲಿ ವಾದ ಹುಟ್ಟಿದರೆ, ಅಧ್ಯಾಪಕರು ಉತ್ತರ ಹೇಳುವ ಅವಸರ ಮಾಡದೆ ಮಕ್ಕಳನ್ನು ಬಾವಿಕಟ್ಟೆಗೆ ಕರೆದೊಯ್ಯಲಿ. ಅದೇ ಮಕ್ಕಳು ಮಾಗಿಯ ವೇಳೆಗೆ ಊರಿನ ಕಿಂಡಿ ಅಣೆಕಟ್ಟಿನ ಕಂಬಕ್ಕೆ ಗೀಟು ಬರೆದು ಭರತದ ಮಟ್ಟವನ್ನು ಗುರುತಿಸತೊಡಗಿದರೆ, ಹಲಗೆಯನ್ನು ಎಷ್ಟು ಎತ್ತರಿಸಬೇಕೆಂದು ಕೇಳಲು ಬರುವ ಗದ್ದೆಯವರಿಗೆ ತೋರಿಸಲು ಅವರ ಬಳಿ ಒಂದು ಪುಸ್ತಕವಿರುತ್ತದೆ.