ಗೋಡೆಗೆ ಬಂದ ಅಣಿ

ಗೊಂಬೆ ಕುಣಿತಕ್ಕೆ ಹೆಸರಾದ ಕಲ್ಲಡ್ಕದಿಂದ ಬಂಟ್ವಾಳ, ಮೂಡುಬಿದಿರೆಗಳವರೆಗಿನ ಸೀಮೆಯೂ ಸೇರಿದಂತೆ ಕರಾವಳಿಯ ಸಾರ್ವಜನಿಕ ಗೋಡೆಗಳು ಈಚಿನ ವರ್ಷಗಳಲ್ಲಿ ಚಿತ್ರಭಿತ್ತಿಗಳಾಗುತ್ತಿವೆ. ಯಕ್ಷಗಾನದ ಕಿರೀಟ, ಕಂಬಳದ ಕೋಣ, ದೈವದ ಅಣಿ ಅಲ್ಲಿ ಮತ್ತೆ ಮತ್ತೆ ಕಾಣುವ ಚಿಹ್ನೆಗಳು. 2022ರಲ್ಲಿ ‘ಕಾಂತಾರ’ ಚಲನಚಿತ್ರ ತೆರೆಕಂಡ ಬಳಿಕ ಪಂಜುರ್ಲಿಯ ಹಂದಿಮೊಗಕ್ಕೆ ವಿಶೇಷ ಪ್ರಚಾರ ದೊರೆತಿದೆ. ಇದನ್ನು ದೇಸಿಯ ಪುನರುಜ್ಜೀವನವೆಂದು ಕೊಂಡಾಡುವವರೂ ದೈವಕ್ಕೆ ಅಪಚಾರವೆಂದು ಆಕ್ಷೇಪಿಸುವವರೂ ಇದ್ದಾರೆ. ಈ ಎರಡೂ ನಿಲುವುಗಳು ಮುಖ್ಯ ಪ್ರಶ್ನೆಯೊಂದನ್ನು ಕೈಬಿಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಈ ಚಿಹ್ನೆಗಳ ವ್ಯಾಕರಣವನ್ನು ಬಲ್ಲವರು ಯಾರು? ಚಿತ್ರ ರಚನೆಯಲ್ಲಿ ಅವರ ಪಾಲೇನು?

ಅಲಂಕಾರಗಳ ವಲಸೆ ಹೊಸತಲ್ಲ. 15ನೆಯ ಶತಮಾನದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಕೆತ್ತನೆಗೊಂಡಿವೆ. ಆದರೆ ದೈವದ ಚಿಹ್ನೆ ಬರಿಯ ಅಲಂಕಾರವಲ್ಲ. ಮೊಗವು ಭಂಡಾರದ ಮನೆಯಲ್ಲಿದ್ದು ನೇಮದ ಸಂದರ್ಭದಲ್ಲಿ ಹೊರಬರುತ್ತದೆ. ಅರದಾಳದ ಮುಖವರ್ಣಿಕೆ, ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ ಇವೆಲ್ಲವೂ ಆ ರಾತ್ರಿಯ ಕ್ರಮಕ್ಕೆ ಬದ್ಧವಾದವು. ಯಾವ ದೈವಕ್ಕೆ ಯಾವ ಬಣ್ಣ, ಯಾವ ಅಣಿ ಎಂಬ ತಿಳಿವನ್ನು ನಲಿಕೆ, ಪಂಬದ, ಪರವ ಸಮುದಾಯಗಳು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿವೆ. ಗೋಡೆಯ ಮೇಲೆ ಒಂದು ದೈವದ ಮೊಗಕ್ಕೆ ಇನ್ನೊಂದರ ಅಣಿ ಸೇರಿದರೆ, ತೆಂಕುತಿಟ್ಟಿನ ನೆಲದಲ್ಲಿ ಬಡಗಿನ ಕೇದಗೆ ಮುಂದಲೆ ಮೂಡಿದರೆ, ಅದನ್ನು ಗುರುತಿಸಬಲ್ಲವರು ಇವರು ಮತ್ತು ಮೇಳದ ಹಿರಿಯ ಕಲಾವಿದರು.

ಈ ಹಿನ್ನೆಲೆಯಲ್ಲಿ ರಷ್ಯದ ಪಾಲೆಖ್ ಗ್ರಾಮದ ನಿದರ್ಶನ ಗಮನಾರ್ಹವಾದುದು. 1917ರ ಕ್ರಾಂತಿಯ ಬಳಿಕ ಚರ್ಚಿನ ಪೂಜಾಚಿತ್ರಗಳಿಗೆ ಬೇಡಿಕೆ ಕುಸಿದಾಗ ಅಲ್ಲಿಯ ಚಿತ್ರಕಾರರೇ 1924ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಮೆರುಗೆಣ್ಣೆಯ ಪೆಟ್ಟಿಗೆಗಳ ಮೇಲೆ ಜನಪದ ಕಥೆಗಳನ್ನು ಚಿತ್ರಿಸತೊಡಗಿದರು. ಅಲ್ಲಿ ವಸ್ತು ಬದಲಾಯಿತು, ಕೈ ಬದಲಾಗಲಿಲ್ಲ. ನಮ್ಮಲ್ಲಿ ಚಿಹ್ನೆ ಉಳಿದು ಕೈ ಬದಲಾಗುತ್ತಿದೆ. ದೈವ ಕಟ್ಟುವವರೆಲ್ಲ ಭಿತ್ತಿಚಿತ್ರಕಾರರಾಗಬೇಕೆಂದು ಇದರ ಅರ್ಥವಲ್ಲ. ಆದರೆ ಅವರ ತಿಳಿವನ್ನು ಯಾರಿಗೂ ಸೇರದ ಸರಕೆಂದು ಬಳಸುವುದು ಸಲ್ಲದು.

ಇಲ್ಲಿ ಕನ್ನಡ, ತುಳು ಅಧ್ಯಯನ ವಿಭಾಗಗಳಿಗೂ ಹೊಣೆಯಿದೆ. ನಾವು ಪಾಡ್ದನಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಬಣ್ಣ, ರೇಖೆಗಳ ತಿಳಿವನ್ನೂ ದಾಖಲಿಸಬೇಕು. ಸಾರ್ವಜನಿಕ ಹಣದಲ್ಲಿ ಗೋಡೆ ಚಿತ್ರಿತವಾಗುವಾಗ ಆ ತಿಳಿವುಳ್ಳವರ ಸಲಹೆಯನ್ನು ಗೌರವಧನದೊಂದಿಗೆ ಪಡೆದು, ಚಿತ್ರದಡಿಯಲ್ಲಿ ಅವರ ಹೆಸರನ್ನು ಬರೆಯಬೇಕೆಂದು ಒತ್ತಾಯಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ಇದು ಗೋಡೆಗೆ ತಕ್ಕುದಲ್ಲ’ ಎಂದು ಅವರು ಹೇಳಿದರೆ ಆ ಮಾತು ನಡೆಯಬೇಕು.