ಕಣ್ಣಾಲಿಯ ಸ್ಥಾನಭ್ರಂಶ

ಕಣ್ಣಾಲಿಯು ತನ್ನ ಎಲುಬಿನ ಕುಳಿಯಿಂದ ಮುಂದಕ್ಕೆ ಜಾರಿ, ರೆಪ್ಪೆಗಳು ಅದರ ಹಿಂದೆ ಮುಚ್ಚಿಕೊಳ್ಳುವ ಅಪೂರ್ವ ವ್ಯಾಧಿಯೊಂದುಂಟು. ಕುಳಿಯು ಹುಟ್ಟಿನಿಂದಲೇ ಆಳವಿಲ್ಲದಿರುವುದು, ಥೈರಾಯ್ಡ್ ಗ್ರಂಥಿಯ ವಿಕಾರದಿಂದ ಆಲಿಯ ಹಿಂದಣ ಮಾಂಸಮೇದಸ್ಸುಗಳು ಬಾತುಕೊಳ್ಳುವುದು, ರೆಪ್ಪೆಗಳು ಸಡಿಲವಾಗಿರುವುದು ಇದಕ್ಕೆ ಕಾರಣಗಳು. ಇಂಥವರಿಗೆ ಒಂದು ಸೀನು ಕೂಡ ನಿಮಿತ್ತವಾದೀತು.

ಮನೆಯವರು ಗಾಬರಿಯಿಂದ ಆಲಿಯನ್ನು ಒತ್ತತೊಡಗುವರೆಂಬುದೇ ನಮ್ಮ ಭಯ. ಹಿಂದೆ ಬಿಗಿದ ರೆಪ್ಪೆಯೇ ಅಗುಳಿ. ಅದನ್ನು ತೆರೆಯದೆ ನೂಕಿದರೆ ಹಾನಿಯೇ ಹೆಚ್ಚು. ವೈದ್ಯರು ನೋವು ತಿಳಿಯದಂತೆ ಔಷಧದ ಹನಿಯಿಕ್ಕಿ, ರೋಗಿಗೆ ಕೆಳಗೆ ನೋಡಹೇಳಿ, ಮೇಲ್ರೆಪ್ಪೆಯನ್ನೆತ್ತಿ, ಆಲಿಯನ್ನು ಮೆಲ್ಲನೆ ಸ್ವಸ್ಥಾನಕ್ಕೆ ಸೇರಿಸುವರು. ಮರುಕಳಿಸಿದರೆ ರೆಪ್ಪೆಗಳ ಹೊರತುದಿಯನ್ನು ಹೊಲಿಯುವ, ಇಲ್ಲವೆ ಕುಳಿಯನ್ನು ವಿಶಾಲಗೊಳಿಸುವ ಶಸ್ತ್ರಕ್ರಿಯೆಯುಂಟು.

ವಿಳಂಬವಾದರೆ ದೃಷ್ಟಿನರವು ಸೆಳೆತಕ್ಕೊಳಗಾಗಿ ಅಂಧತ್ವ ಬಂದೀತು. ಆದುದರಿಂದ ವಾಚಕರು ಶುಚಿಯಾದ ಒದ್ದೆ ಬಟ್ಟೆಯನ್ನು ಹಗುರವಾಗಿ ಹೊದಿಸಿ, ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.